ಮುಚ್ಚದೆ ಬಿಟ್ಟ ಹಾಡುಗಳು

"ಬುದ್ಧಿ, ಎಲ್ಲಾ ಬಿಟ್ಟು ಬಂದಿದ್ದೀನಿ. ಆದ್ರೂ ಮನಸ್ಸಿನಲ್ಲಿ ಒಂದು ಚೂರು ಜಾಗ ಇಲ್ಲ. ಇನ್ನೇನು ಬಿಡಬೇಕು?"

ಹೀಗೆ ಕೇಳಿದವನು ಚನ್ನವೀರ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು, "ಇಲ್ಲೀವರೆಗೆ ಏನೇನು ಬಿಟ್ಟೆ?"

ಚನ್ನವೀರ ಒಂದೊಂದಾಗಿ ಹೇಳಿದ. ಬಟ್ಟೆ ಅಂಗಡಿಯನ್ನು ಅಣ್ಣನಿಗೆ ಬಿಟ್ಟ. ಮೊಬೈಲು ಬಿಟ್ಟ. ಕಾಫಿ ಬಿಟ್ಟ. ಹೋದ ತಿಂಗಳು ಉಪ್ಪನ್ನೂ ಬಿಟ್ಟ. ಒಂದನ್ನು ಬಿಟ್ಟಾಗ ನಾಲ್ಕು ದಿನ ಮನಸ್ಸು ಹಗುರವಾಗುತ್ತದೆ. ಐದನೆಯ ದಿನ ಮತ್ತೆ ತುಂಬಿಕೊಳ್ಳುತ್ತದೆ.

"ಪಾಪ, ಉಪ್ಪು ನಿನಗೇನು ಮಾಡಿತ್ತು?" ಎಂದರು ಗುರುಗಳು. "ಇರಲಿ. ಮನೆ ಹೇಗೆ ಬಿಟ್ಟೆ, ಅದನ್ನ ಹೇಳು."

ಚನ್ನವೀರನ ಮುಖ ಅರಳಿತು. ಅದು ಅವನು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. "ಊಟಕ್ಕೆ ಕೂತಿದ್ದೆ ಬುದ್ಧಿ. ಅಣ್ಣ ಒಂದು ಮಾತು ಅಂದ. ಅತ್ತಿಗೆ ಸಾರು ತರೋಕೆ ಒಳಗೆ ಹೋಗಿದ್ರು. ಕಲಸಿದ ಅನ್ನ ತಟ್ಟೇಲೇ ಬಿಟ್ಟು ಎದ್ದು ಬಂದುಬಿಟ್ಟೆ. ತಿರುಗಿ ಕೂಡ ನೋಡಲಿಲ್ಲ."

"ಭೇಷ್" ಎಂದರು ಗುರುಗಳು. ಅದು ಹೊಗಳಿಕೆಯೋ ಗೇಲಿಯೋ ಚನ್ನವೀರನಿಗೆ ತಿಳಿಯಲಿಲ್ಲ. ಅವರು ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿ, "ಕೂತ್ಕೊಂಡು ನೀನೂ ಸುಲಿ. ಕತೆ ಒಂದಿದೆ" ಎಂದು ಹೇಳತೊಡಗಿದರು.

ಒಂದು ತಾಲ್ಲೂಕು ಕಚೇರಿಯ ಎದುರು ಒಬ್ಬ ಹೆಂಗಸು ಟೈಪಿಂಗ್ ಅಂಗಡಿ ಇಟ್ಟಿದ್ದಳು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ. ಅರ್ಜಿ ಬರೆಸುವವರು, ಮದುವೆಯ ಕರೆಯೋಲೆ ಮಾಡಿಸುವವರು ಬರುತ್ತಿದ್ದರು. ಅವಳ ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು. ಕೆಲಸ ಮಾತ್ರ ಚೊಕ್ಕ.

ಅವಳು ಹಿಟ್ಟಿನ ಗಿರಣಿಯವರ ಮನೆಯ ಮಗಳು. ಅವರ ಗಿರಣಿಯಲ್ಲಿ ಸಂಜೆಗೆ ಒಂದು ಪದ್ಧತಿ ಇತ್ತು. ಕೊನೆಯ ಗಿರಾಕಿಯ ಹಿಟ್ಟು ಬೀಸಿದ ಮೇಲೆ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆಯಬೇಕು. ಯಂತ್ರ ಗಡಗಡ ಎನ್ನುವುದನ್ನು ನಿಲ್ಲಿಸಿದ ಮೇಲೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಆಮೇಲೆ ಬಾಗಿಲು ಹಾಕಬೇಕು. ಅವಳು ಕಂಪ್ಯೂಟರಿಗೂ ಹಾಗೆಯೇ ಮಾಡಿದಳು. ಸಂಜೆ ಆರು ಗಂಟೆಗೆ ಅಂದಿನ ಬರಹವನ್ನು ಉಳಿಸಿಕೊಂಡು, ಇದ್ದದ್ದು ಇದ್ದ ಹಾಗೆಯೇ ಮೇನ್ ಎಳೆಯುವಳು. ತೆರೆ ಕಪ್ಪಾದ ಮೇಲೆ ಮುಟ್ಟಿ ನಮಸ್ಕಾರ ಮಾಡಿ ಹೊರಡುವಳು. ಮೂರು ವರ್ಷ ಇದು ಒಂದು ದಿನವೂ ತಪ್ಪಲಿಲ್ಲ. ಭಕ್ತಿಗೇನೂ ಕೊರತೆ ಇರಲಿಲ್ಲ.

ಆ ಕಂಪ್ಯೂಟರಿನಲ್ಲಿ ಅವಳ ಅಜ್ಜಿಯ ದನಿ ಇತ್ತು. ಅಜ್ಜಿ ಬೀಸುಕಲ್ಲಿನ ಕಾಲದವಳು. ಮನೆಗೆ ಗಿರಣಿ ಬಂದ ದಿನ ಕಲ್ಲು ಮೂಲೆ ಸೇರಿತು. ಬೀಸುವಾಗ ಹಾಡುತ್ತಿದ್ದ ಪದಗಳು ಮಾತ್ರ ಅಜ್ಜಿಯ ಬಾಯಲ್ಲಿ ಉಳಿದವು. ಅಜ್ಜಿಯ ಕೊನೆಯ ಬೇಸಿಗೆಯಲ್ಲಿ ಮೊಮ್ಮಗಳು ಅವನ್ನೆಲ್ಲ ಹಾಡಿಸಿ, ಮೊಬೈಲಿನಲ್ಲಿ ಹಿಡಿದು, ಕಂಪ್ಯೂಟರಿಗೆ ಹಾಕಿಕೊಂಡಳು. ಒಟ್ಟು ಅರವತ್ತೆರಡು ಪದ. ಆಮೇಲೆ ಆ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಹಾಳಾಯಿತು. ಅಜ್ಜಿಯೂ ಹೋದಳು. ಹಾಡು ಉಳಿದದ್ದು ಈ ಅಂಗಡಿಯಲ್ಲಿ ಮಾತ್ರ.

ಅವನ್ನು ಕೇಳಿ ಬರೆದು ಒಂದು ಪುಸ್ತಕ ಮಾಡಬೇಕೆಂಬುದು ಅವಳ ಆಸೆ. ಅಜ್ಜಿಯ ಹಾಡು ಬಲು ವೇಗ. ಅದಕ್ಕಾಗಿ ದನಿಯನ್ನು ನಿಧಾನ ಮಾಡಿ ಕೇಳಿಸುವ ಒಂದು ತಂತ್ರಾಂಶವನ್ನು ಹಾಕಿಕೊಂಡಿದ್ದಳು. ಗಿರಾಕಿ ಇಲ್ಲದಾಗ ಒಂದು ಪದ ತೆರೆಯುವಳು. ಎರಡು ಸಾಲು ಟೈಪು ಮಾಡುವಷ್ಟರಲ್ಲಿ ಯಾರಾದರೂ ಬರುವರು. ಹಾಡು ಅಲ್ಲಿಗೇ ನಿಲ್ಲುವುದು. ಸಂಜೆ ಮೇನ್ ಎಳೆದಾಗ ಅದೂ ಹಾಗೆಯೇ ಆರುವುದು.

ಒಂದು ದಿನ ಕಂಪ್ಯೂಟರ್ ಜಾಗವಿಲ್ಲ ಎಂದಿತು. ಬರೆದ ಅರ್ಜಿಯನ್ನು ಉಳಿಸಿಕೊಳ್ಳಲು ಒಪ್ಪಲಿಲ್ಲ. ಅವಳು ತನ್ನ ಸಿನಿಮಾ ಹಾಡುಗಳನ್ನು ಅಳಿಸಿದಳು. ನಾಲ್ಕು ದಿನ ನಡೆಯಿತು. ಮತ್ತೆ ಜಾಗವಿಲ್ಲ ಎಂದಿತು. ತಂಗಿಯ ಮದುವೆಯ ವಿಡಿಯೋ ಅಳಿಸಿದಳು. ಮತ್ತೆ ನಾಲ್ಕು ದಿನ. ಪ್ರವಾಸದ ಫೋಟೋಗಳನ್ನು ಅಳಿಸಿದಳು. ಜಾಗ ಬೇಕಾದಾಗ ಮನುಷ್ಯ ಮೊದಲು ಕೈ ಹಾಕುವುದು ಕಣ್ಣಿಗೆ ಕಾಣುವುದಕ್ಕೆ. ಕಾಣದ್ದೂ ಜಾಗ ತಿನ್ನುತ್ತದೆಂದು ಯಾರಿಗೆ ಹೊಳೆಯುತ್ತದೆ? ರಿಪೇರಿಯವನನ್ನು ಕರೆಸು ಎಂದು ಪಕ್ಕದ ಅಂಗಡಿಯವರು ಹೇಳಿದರು. ಕೆಡದೆ ಇರುವ ಯಂತ್ರಕ್ಕೆ ರಿಪೇರಿ ಯಾಕೆ ಎಂದು ಅವಳು ಅವರ ಬಾಯಿ ಮುಚ್ಚಿಸಿದಳು.

ಹೀಗಿರಲು ವೃದ್ಧರ ಪಿಂಚಣಿಗೆ ಅರ್ಜಿ ಹಾಕುವ ಕೊನೆಯ ದಿನ ಬಂತು. ಅಂಗಡಿಯ ಮುಂದೆ ಮೂವತ್ತು ಜನ ಮುದುಕಿಯರು ಬಿಸಿಲಿನಲ್ಲಿ ಸಾಲು ನಿಂತಿದ್ದರು. ಮೊದಲನೆಯ ಅರ್ಜಿಗೇ ಕಂಪ್ಯೂಟರ್ ಕೈ ಎತ್ತಿತು. ಅದರಲ್ಲಿ ಉಳಿದಿದ್ದದ್ದು ಎರಡೇ. ಗಿರಾಕಿಗಳ ಕಾಗದಪತ್ರ, ಅಜ್ಜಿಯ ಹಾಡು. ಗಿರಾಕಿಯ ಹಿಟ್ಟನ್ನು ಮುಟ್ಟಬಾರದು ಎಂಬುದು ಗಿರಣಿಯವರ ನೇಮ. ಅವಳು ಹೊರಗೆ ನೋಡಿದಳು. ಎಲ್ಲರೂ ಅಜ್ಜಿಯ ವಯಸ್ಸಿನವರೇ. ಒಬ್ಬಾಕೆ ನಿಲ್ಲಲಾರದೆ ಚರಂಡಿಯ ಕಟ್ಟೆಯ ಮೇಲೆ ಕೂತಿದ್ದಳು. ಹೋದ ಅಜ್ಜಿಗಿಂತ ನಿಂತ ಅಜ್ಜಿಯರು ದೊಡ್ಡವರು ಎಂದುಕೊಂಡು, ಅರವತ್ತೆರಡು ಹಾಡುಗಳನ್ನೂ ಅಳಿಸಿದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಮೂವತ್ತು ಅರ್ಜಿಗಳೂ ಹೊತ್ತಿಗೆ ಸರಿಯಾಗಿ ಕಚೇರಿ ಸೇರಿದವು. ಸಂಜೆ ಅವಳು ಮೇನ್ ಎಳೆದಳು. ಆ ದಿನ ನಮಸ್ಕಾರಕ್ಕೆ ಕೈ ಏಳಲಿಲ್ಲ. ಕುರ್ಚಿಯಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಜ್ಜಿ ಎರಡನೆಯ ಸಲ ಸತ್ತ ಹಾಗಾಗಿತ್ತು, ಈ ಸಲ ತನ್ನ ಕೈಯಿಂದಲೇ.

ಐದನೆಯ ದಿನ ಕಂಪ್ಯೂಟರ್ ಮತ್ತೆ ಜಾಗವಿಲ್ಲ ಎಂದಿತು.

ಎಸೆಯಲು ಅವಳ ಬಳಿ ಇನ್ನೇನೂ ಇರಲಿಲ್ಲ. ಆಗ ರಿಪೇರಿಯವನನ್ನು ಕರೆಸಿದಳು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯ ಅವನು. ಬಂದವನು ಕುರ್ಚಿ ಎಳೆದು ಕೂತು, ಕಾಣದ್ದನ್ನೂ ಕಾಣಿಸು ಎಂಬ ಕಡೆ ಒಂದು ಗುರುತು ಹಾಕಿದ. ಅಲ್ಲಿಯವರೆಗೆ ಇಲ್ಲದ ಒಂದು ಫೋಲ್ಡರ್ ತೆರೆಯ ಮೇಲೆ ಮಸುಕಾಗಿ ಎದ್ದಿತು. ತೆರೆದರೆ ಒಳಗೆ ಸಾವಿರಾರು ಫೈಲುಗಳು. ಮನುಷ್ಯರು ಇಡುವಂಥ ಹೆಸರು ಒಂದಕ್ಕೂ ಇಲ್ಲ. ಬರೀ ಅಕ್ಷರ, ಅಂಕಿ, ಗೀಟು.

"ಇವನ್ನ ನಾನಿಟ್ಟಿಲ್ಲಣ್ಣ" ಎಂದಳು ಹೆಂಗಸು.

"ನೀವಿಟ್ಟಿಲ್ಲಮ್ಮ, ತಂತ್ರಾಂಶ ಇಟ್ಟಿರೋದು. ನೀವು ಒಂದು ಫೈಲು ತೆರೆದ್ರೆ ಅದು ಪಕ್ಕದಲ್ಲಿ ಒಂದು ನಕಲು ಮಾಡಿಟ್ಕೊಳ್ಳುತ್ತೆ. ಕೆಲಸ ಮುಗಿಯೋವರೆಗೆ ಮಾತ್ರ. ನೀವು ಮುಚ್ಚಿದ್ರೆ ತಾನೇ ಅಳಿಸಿಬಿಡುತ್ತೆ. ನೀವು ಹೇಗೆ ಮುಚ್ತೀರಿ?"

ಅವಳು ಗೋಡೆಯ ಕಡೆ ಕೈ ಚಾಚಿ ಮೇನ್ ಎಳೆಯುವುದನ್ನು ಅಭಿನಯಿಸಿ ತೋರಿಸಿದಳು. ನಮಸ್ಕಾರವನ್ನೂ ಬಿಡದೆ ತೋರಿಸಿದಳು.

ರಿಪೇರಿಯವನು ನಗಲಿಲ್ಲ. "ಹಂಗಾದ್ರೆ ಕೆಲಸ ಮುಗೀತು ಅಂತ ಮೂರು ವರ್ಷದಿಂದ ಅದಕ್ಕೆ ಯಾರೂ ಹೇಳೇ ಇಲ್ಲ. ಪಾಪ, ನೀವು ಬರ್ತೀರಿ ಅಂತ ಎಲ್ಲಾನೂ ಕಾಯ್ಕೊಂಡು ಕೂತಿದೆ. ಇರಿ, ಒಂದೇ ಏಟಿಗೆ ಗುಡಿಸಿ ಹಾಕ್ತೀನಿ."

ಅವನ ಬೆರಳು ಅಳಿಸುವ ಗುಂಡಿಯ ಮೇಲಿತ್ತು. ಗಿರಣಿಯವರಿಗೆ ಇನ್ನೊಂದು ಪದ್ಧತಿ ಉಂಟು. ಯಂತ್ರದ ಕೆಳಗೆ ಉಳಿದ ಹಿಟ್ಟನ್ನು ಗುಡಿಸುವ ಮುಂಚೆ ಒಂದು ಚಿಟಿಕೆ ಎತ್ತಿ ನೋಡುತ್ತಾರೆ. ರಾಗಿಯೋ ಗೋಧಿಯೋ, ಯಾರ ಮನೆಯದೋ ತಿಳಿಯದೆ ಆಚೆಗೆ ಹಾಕುವುದಿಲ್ಲ. ಹಾಳು ಮಾಡಿದ್ದೂ ಗಿರಣಿಯ ಅಭ್ಯಾಸವೇ, ಕಾಪಾಡಿದ್ದೂ ಗಿರಣಿಯ ಅಭ್ಯಾಸವೇ. ಅವಳು "ತಡೀರಿ" ಎಂದು ಅವನ ಕೈ ಹಿಡಿದಳು. ಎಲ್ಲಕ್ಕಿಂತ ದೊಡ್ಡ ಫೈಲುಗಳಲ್ಲಿ ಒಂದನ್ನು ಆರಿಸಿ, ದನಿ ಕೇಳಿಸುವ ತಂತ್ರಾಂಶದಲ್ಲಿ ತೆರೆಸಿದಳು.

ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಒಂದು ಕೆಮ್ಮು. ಆಮೇಲೆ ಅಜ್ಜಿ ಕೇಳಿದಳು, "ಶುರು ಮಾಡ್ಲೇನೇ?"

ಹೆಂಗಸು "ಅಜ್ಜೀ" ಎಂದು ಕೂಗಿಕೊಂಡಳು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಏನಾಯಿತೆಂದು ಒಳಗೆ ಇಣುಕಿದರು. ಪದ ಮುಗಿಯುವವರೆಗೆ ಎಲ್ಲರೂ ನಿಂತು ಕೇಳಿದರು.

ಗುಡಿಸುವ ಕೆಲಸ ಎರಡು ದಿನ ನಡೆಯಿತು. ಅವಳು ಒಂದೊಂದನ್ನೇ ತೆರೆದು ನೋಡಿದಳು. ಎಂದೋ ಮುಗಿದ ಅರ್ಜಿಗಳ ನಕಲುಗಳಿದ್ದವು, ಅವನ್ನು ಅಳಿಸಿದಳು. ಮದುವೆಯಾಗಿ ಮಗು ಹುಟ್ಟಿ, ಆ ಮಗು ಆಗಲೇ ನಡೆದಾಡುತ್ತಿರುವವರ ಕರೆಯೋಲೆಗಳಿದ್ದವು, ನಕ್ಕು ಅಳಿಸಿದಳು. ಅವಳಿಗೆ ಇಷ್ಟವಾದ ಒಂದು ಪದದ ನಕಲುಗಳು ಹದಿನೇಳು ಇದ್ದವು. ಒಂದನ್ನು ಇಟ್ಟುಕೊಂಡು ಹದಿನಾರನ್ನು ಅಳಿಸಿದಳು. ಅರವತ್ತೆರಡರಲ್ಲಿ ನಲವತ್ತೊಂಬತ್ತು ಪದ ಸಿಕ್ಕವು. ಅವಳು ಒಮ್ಮೆಯಾದರೂ ತೆರೆದು ಕೇಳಿದ್ದವೆಲ್ಲ ಉಳಿದಿದ್ದವು. ಆಮೇಲೆ ಕೇಳೋಣ ಎಂದು ಬಿಟ್ಟಿದ್ದ ಹದಿಮೂರು ಹೋಗಿದ್ದವು. ಹದಿಮೂರಕ್ಕೆ ಅತ್ತಳು, ನಲವತ್ತೊಂಬತ್ತಕ್ಕೆ ಸಕ್ಕರೆ ಹಂಚಿದಳು.

ಕಂಪ್ಯೂಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಬಿಡುವಾಯಿತು. ಆ ಸಂಜೆ ಅವಳು ಮೊದಲು ಹಾಡನ್ನು ಮುಚ್ಚಿದಳು. ಆಮೇಲೆ ತಂತ್ರಾಂಶವನ್ನು ಮುಚ್ಚಿದಳು. ಕಂಪ್ಯೂಟರಿಗೆ ಇನ್ನು ಸಾಕು ಎಂದು ಹೇಳಿ, ಅದು ತಾನಾಗಿ ಆರುವವರೆಗೆ ಕಾದಳು. ಕೊನೆಗೆ ಮೇನ್ ಎಳೆದು ನಮಸ್ಕಾರ ಮಾಡಿದಳು. ಮೊದಲಿಗಿಂತ ಒಂದು ನಿಮಿಷ ಹೆಚ್ಚು ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಕಾಯಿಯೂ ಮುಗಿದಿತ್ತು.

ಚನ್ನವೀರನಿಗೆ ಉತ್ಸಾಹ ಬಂತು. "ತಿಳೀತು ಬುದ್ಧಿ. ಕಣ್ಣಿಗೆ ಕಾಣೋದನ್ನ ಬಿಟ್ಟಿದ್ದು ಸಾಲದು. ಒಳಗೆ ಕಾಣದೆ ಕೂತಿರೋದನ್ನ ಹುಡುಕಿ ಅಳಿಸಬೇಕು. ನಾಳೆಯಿಂದ ಇನ್ನೂ ಒಂದು ಗಂಟೆ ಜಪ ಹೆಚ್ಚು ಮಾಡ್ತೀನಿ."

ಗುರುಗಳು ಸುಲಿದ ಕಾಳನ್ನೆಲ್ಲ ಒಂದು ವಸ್ತ್ರಕ್ಕೆ ಸುರಿದು ಗಂಟು ಕಟ್ಟಿದರು. ಗಂಟನ್ನು ಚನ್ನವೀರನ ಕೈಗೆ ಇಟ್ಟು ಕೇಳಿದರು:

"ಜಪ ಇರಲಿ ಮಗಾ, ನಿನ್ನ ಊಟ ಮುಗೀತು ಅಂತ ನಿಮ್ಮತ್ತಿಗೆಗೆ ಯಾರು ಹೇಳಿದ್ರು?"