ಚಳಿಯವ್ವ ಕೇಳಿದ ಗಂಟೆಹೂ

ಕಾಲು ಒಳಗೆ ಎಳಕೋ, ಕಂಬಳಿ ಹೊದ್ಕೋ. ಹೂಂಗುಟ್ಟಬೇಕು, ಇಲ್ಲಾಂದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಂತೆ, ಬಿಸಿಲೂ ಕಂಬಳಿ ಹೊದ್ದು ಬರೋವಂಥ ಒಂದು ಬೆಟ್ಟ. ಅಲ್ಲಿ ಮೂರು ಜನ ಅಕ್ಕತಂಗೀರು, ಕಿರಿಯೋಳ ಹೆಸರು ಪುಟ್ಟೀರಿ. ಅಪ್ಪ ಅಮ್ಮ ಇಲ್ಲ, ತೊಟ್ಟಿಲಲ್ಲೊಬ್ಬ ತಮ್ಮ, ಅಷ್ಟೇ. ಆ ಮಗು ಎಷ್ಟು ತೆಪ್ಪಗೆ ಮಲಗ್ತಿತ್ತು ಅಂದ್ರೆ, ಪುಟ್ಟೀರಿಗೆ ಭಯ ಆಗಿ ಆಗಾಗ ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಿದ್ದಳಂತೆ.

ಮಳೆಗಾಲ ಮುಗೀತಿದ್ದ ಹಾಗೆ ಬೆಟ್ಟದ ತುದಿಯಿಂದ ಚಳಿಯವ್ವ ಇಳಿದು ಬಂದಳಂತೆ. ಅವಳು ನಿಂತ ಕಡೆ ಹುಲ್ಲು ಕರಕಲಾಗ್ತಿತ್ತಂತೆ, ಬಾಯಿ ತೆಗೆದರೆ ಒಲೆ ಆರಿಹೋಗ್ತಿತ್ತಂತೆ. ಬಂದವಳೇ ತೊಟ್ಟಿಲ ಮೇಲೆ ಬಗ್ಗಿ, ಒಬ್ಬಳೇ ಇದ್ದು ಬೇಜಾರು, ಈ ಮಗೂನ ನಂಗೆ ಕೊಡಿ ಅಂದಳಂತೆ. ಮೂವರೂ ಕಾಲಿಗೆ ಬಿದ್ದು ಗೋಳಾಡಿದರು. ಆಮೇಲೆ ಅವಳು ಸೆರಗಿನ ಗಂಟು ಬಿಚ್ಚಿ, ಧೂಳಿನ ಹಾಗಿರೋ ಬೀಜ ಒಬ್ಬೊಬ್ಬಳಿಗೆ ಒಂದೊಂದು ಚಿಟಿಕೆ ಕೊಟ್ಟು, ಇದು ಗಂಟೆಹೂವಿನ ಬೀಜ, ಕಡುನೀಲಿ ಹೂ ಬಿಡ್ತದಂತೆ, ನಾನಿರೋ ಬೆಟ್ಟದ ತುದೀಲಿ ಬೇಸಿಗೇನೇ ಇಲ್ಲ, ಆ ಹೂ ನಾನು ಕಂಡೇ ಇಲ್ಲ, ಯುಗಾದಿ ಕಳೆದ ಮೇಲೆ ಬರ್ತೀನಿ, ಹೂ ತೋರಿಸಿ, ಇಲ್ಲಾಂದ್ರೆ ತೊಟ್ಟಿಲು ಎತ್ಕೊಂಡು ಹೋಗ್ತೀನಿ ಅಂತ ಹೇಳಿ ಹೋದಳಂತೆ.

ದೊಡ್ಡೋಳು ರಾಗಿ ಬಿತ್ತೋ ಹಾಗೆ ಸಾಲು ಕೊರೆದು ಮಣ್ಣು ಮುಚ್ಚಿದಳು. ಧೂಳಿನಂಥ ಬೀಜ, ಪಾಪ, ಅಷ್ಟು ಮಣ್ಣು ಎತ್ತೋಕಾಗುತ್ತಾ? ಮೊಳೀಲೇ ಇಲ್ಲ. ನಡುವಿನೋಳಿಗೆ ಮೊಳೀತು, ಆದರೆ ಚಳಿಗೆ ಹೆದರಿ ಮಡಕೇಲಿ ನೆಟ್ಟು ಒಲೆ ಪಕ್ಕ ಇಟ್ಟಳು, ಬಿಸಿಗೆ ಬಾಡಿಹೋಯ್ತು. ಪುಟ್ಟೀರಿ ಮಾತ್ರ ಬೀಜಾನ ಮಣ್ಣಿನ ಮೇಲೇ ಉದುರಿಸಿ, ಅಂಗೈಲಿ ಒತ್ತಿ, ಬಾಗಿಲ ಮುಂದೆ ಬಯಲಲ್ಲೇ ಬಿಟ್ಟಳಂತೆ. ಚಳಿಯವ್ವನ ಬೀಜ ಅಲ್ವಾ, ಚಳಿ ತಡೀತದೆ ಅಂದುಕೊಂಡಳು. ಎಲೆಯೂ ಬಂತು.

ಆಮೇಲೆ ಮಾಗಿ ಬಂತು ನೋಡು, ಎಲೆಯೆಲ್ಲ ಕಪ್ಪಾಗಿ ನೆಲ ಕಚ್ಚಿತು. ಪುಟ್ಟೀರಿ ಅದರ ಪಕ್ಕದಲ್ಲೇ ಕೂತುಬಿಟ್ಟಳು. ಆ ಊರಲ್ಲಿ ಯುಗಾದಿಗೆ ಮುಂಚೆ ಬಾಗಿಲ ಮುಂದಿನ ಸತ್ತ ಗಿಡ ಎಲ್ಲ ಕಿತ್ತು ಸಾರಿಸಬೇಕು, ಇಲ್ಲಾಂದ್ರೆ ಮನೆಗೆ ಸಾವು ಬರುತ್ತೆ ಅಂತ. ದೊಡ್ಡೋಳು ಗುದ್ದಲಿ ಹಿಡ್ಕೊಂಡು ಬಂದು, ತಮ್ಮನ್ನ ಕೊಲ್ಲಬೇಕು ಅಂತಿದ್ದೀಯೇನೇ, ಏಳು ಮೇಲೆ ಅಂದಳು. ಪುಟ್ಟೀರಿ, ತಡಿ ಅಕ್ಕ ಅಂತ, ತಮ್ಮನ ಮೂಗಿಗೆ ಇಡ್ತಿದ್ದ ಬೆರಳನ್ನೇ ಬುಡಕ್ಕೆ ಹಾಕಿ ಮೆಲ್ಲಗೆ ಕೆದಕಿದಳಂತೆ. ಒಳಗೆ ಅಕ್ಕಿ ನುಚ್ಚಿನಷ್ಟು ಬೆಳ್ಳನೆ ಮೊಳಕೆ. ಬದುಕಿದೆ ಕಣಕ್ಕ ಅಂತ ಅತ್ತುಬಿಟ್ಟಳು. ಅಕ್ಕ ಗುದ್ದಲಿ ಕೆಳಗಿಟ್ಟಳು.

ಯುಗಾದಿ ಕಳೀತು, ಗಿಡ ಎದ್ದಿತು, ಮೊಗ್ಗೂ ಆಯ್ತು, ಅರಳಲಿಲ್ಲ. ಅಷ್ಟರಲ್ಲಿ ಚಳಿಯವ್ವ ಬಂದೇಬಿಟ್ಟಳು. ಎಲ್ಲಿ ಹೂವು ಅಂದಳು. ಒಲೆ ಆರಿತು, ಅವಳು ಒಳಗೆ ಹೋಗಿ ತೊಟ್ಟಿಲಿಗೆ ಕೈ ಹಾಕಿದಳು. ಪುಟ್ಟೀರಿ ಅವಳ ಸೆರಗು ಹಿಡಿದು ಬಾಗಿಲ ಮುಂದಕ್ಕೆ ಎಳಕೊಂಡು ಬಂದು, ಬಗ್ಗಿ ನೋಡವ್ವ, ಇದೂ ನನ್ನ ತಮ್ಮನ ಹಾಗೇ, ಮಲಗಿದೆ, ಸತ್ತಿಲ್ಲ ಅಂದಳಂತೆ. ಚಳಿಯವ್ವ ಬಗ್ಗಿದಳು. ಅವಳ ತಣ್ಣನೆ ಉಸಿರಿಗೇ ಕಾಯ್ತಿತ್ತೇನೋ, ಅದು ತಾಕಿದ್ದೇ ತಡ, ಮೊಗ್ಗು ಒಂದೊಂದಾಗಿ ಬಿಚ್ಚಿಕೊಂಡು, ಕಡುನೀಲಿ, ನೇರಳೆ ಹಣ್ಣಿನ ಬಣ್ಣ, ಪುಟಾಣಿ ಗಂಟೆಗಳ ಹಾಗೆ ತೂಗಾಡಿದವಂತೆ. ಚಳಿಯವ್ವ ಹೊಸಿಲ ಮೇಲೆ ಕೂತು ಅತ್ತಳಂತೆ.

ಅವತ್ತಿಂದ ಪ್ರತಿ ವರ್ಷ ಬರ್ತಾಳಂತೆ, ಹೂ ನೋಡ್ತಾಳಂತೆ, ತೊಟ್ಟಿಲ ಕಡೆ ತಿರುಗದೆ ಹೋಗ್ತಾಳಂತೆ. ತಮ್ಮ ದೊಡ್ಡೋನಾಗಿ ಬೆಟ್ಟದ ತುಂಬಾ ಗಂಟೆಹೂ ಬೆಳೆಸಿದನಂತೆ. ಅಲ್ಲಿಗೆ ಅವರ ಕತೆ ಮುಗೀತು.

ಏನೋ, ಹೂಂಗುಟ್ಟೋದು ನಿಂತೇಹೋಯ್ತಲ್ಲ. ತಡಿ, ಬೆರಳಿಟ್ಟು ನೋಡ್ತೀನಿ. ಹ್ಞಾ, ಬೆಚ್ಚಗಿದೆ. ಮಲಕ್ಕೋ.