ಬರಿಗೈಯ ಪಹರೆ

"ಅಜ್ಜಾ, ಸುಮ್ಮನೆ ತಿರುಗುವುದೂ ಒಂದು ಕೆಲಸವೇ?"

ನನ್ನ ಬಳಿ ಪಹರೆ ಕೆಲಸ ಕಲಿತ ದ್ಯಾಮಣ್ಣ ಒಂದು ಮಧ್ಯಾಹ್ನ ಚಹದ ಕಿಟ್ಲಿ ಹಿಡಿದು ಬಂದು, ನನ್ನ ಕಟ್ಟೆಯ ಮೇಲೆ ಕೂತು ಹೀಗೆ ಕೇಳಿದ. ಅವನನ್ನು ಹತ್ತಿರದ ಒಂದು ಅಂಗಡಿ ಕಟ್ಟಡಕ್ಕೆ ಬೆಂಕಿ ಪಹರೆಗೆ ಹಚ್ಚಿದ್ದೆ. ಅಲ್ಲಿ ಅಪಾಯದ ಗಂಟೆ ಕೆಟ್ಟಿತ್ತು. ಅದು ರಿಪೇರಿಯಾಗುವ ತನಕ ಅರ್ಧ ಗಂಟೆಗೊಮ್ಮೆ ಎಲ್ಲ ಮಹಡಿ ಸುತ್ತಿ ನೋಡುವುದಷ್ಟೇ ಇವನ ಕೆಲಸ. ಒಂಬತ್ತು ದಿನದಿಂದ ಒಂದು ಕಿಡಿಯೂ ಕಂಡಿಲ್ಲ, ಎಲ್ಲರೂ ನಗುತ್ತಾರೆ, ನನಗೇ ನಾಚಿಕೆಯಾಗುತ್ತದೆ ಎಂದ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಬಲ್ಲವನು ಸುತ್ತ ಏಳು ಜಿಲ್ಲೆಯಲ್ಲಿ ನಾನೊಬ್ಬನೇ. ಹೇಳಿದೆ.

ಒಬ್ಬ ವ್ಯಾಪಾರಿ ಇದ್ದ. ಅವನದೊಂದು ಬಟ್ಟೆ ಅಂಗಡಿಯ ಕಟ್ಟಡ. ಅದರ ಎತ್ತರ ಎಷ್ಟೆಂದರೆ, ಕೆಳಗಿನಿಂದ ಬಿಸಿ ಅನ್ನ ಹೊತ್ತು ಹೊರಟರೆ ತುದಿ ಮಹಡಿ ಮುಟ್ಟುವಷ್ಟರಲ್ಲಿ ಹಳಸಿರುತ್ತಿತ್ತು. ಅಲ್ಲಿಯೂ ಗಂಟೆ ಕೆಟ್ಟಿತು. ಅಗ್ನಿಶಾಮಕದ ಅಧಿಕಾರಿ ಬಂದು, ಸರಿಯಾಗುವ ತನಕ ಒಬ್ಬ ಮನುಷ್ಯ ತಿರುಗುತ್ತಿರಬೇಕು, ಅವನಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು ಎಂದು ಹೇಳಿ ಹೋದ. ವ್ಯಾಪಾರಿ ತಲೆಯಾಡಿಸಿದ.

ಆ ಕೆಲಸಕ್ಕೆ ಬಂದವನು ನನ್ನ ಶಿಷ್ಯ. ಅವನ ಮೂಗು ನಾನು ಪಳಗಿಸಿದ ಮೂಗು. ಪಕ್ಕದ ಊರಿನಲ್ಲಿ ಕಡ್ಡಿ ಗೀರಿದರೆ, ಗೀರಿದವನು ಎಡಚನೋ ಅಲ್ಲವೋ ಎಂದು ಹೇಳುತ್ತಿದ್ದ. ಮೊದಲ ದಿನ ಚಿಂದಿ ರಾಶಿಯಲ್ಲಿ ಆರದ ಬೀಡಿ ಹೆಕ್ಕಿದ. ಮರುದಿನ ಯಾರೋ ಮರೆತು ಹೋದ ಇಸ್ತ್ರಿಪೆಟ್ಟಿಗೆ ಆರಿಸಿದ. ಮೆಟ್ಟಿಲ ಮೇಲೆ ಒಂದು ಡಬ್ಬ ಇಟ್ಟರೂ ಬಿಡದೆ ತೆಗೆಸಿದ. ಹಾಗಾಗಿ ಏನೂ ಆಗಲಿಲ್ಲ. ಏನೂ ಆಗದ್ದರಿಂದ ಅವನ ಕೆಲಸ ಯಾರಿಗೂ ಕಾಣಲಿಲ್ಲ. ಕಂಡದ್ದು ಕೈ ಬೀಸಿಕೊಂಡು ಓಡಾಡುವ ಒಬ್ಬ ಗಂಡಸು.

ಅವನಿಗೆ ಒಬ್ಬಳೇ ಮಗಳು. ತಾಯಿ ಇರಲಿಲ್ಲ. ಅದೇ ಕಟ್ಟಡದ ತುದಿ ಮಹಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ನಿಮ್ಮಪ್ಪನಿಗೆ ಗಾಳಿ ಕುಡಿಯುವುದಕ್ಕೆ ಸಂಬಳವಂತೆ, ಬೀಗರ ಮನೆಗೆ ಬಂದವನ ಹಾಗೆ ಬರುತ್ತಾನೆ ನೋಡು ಎಂದು ಜೊತೆಯ ಹೆಂಗಸರು ದಿನವೂ ಕಿಚಾಯಿಸುತ್ತಿದ್ದರು. ಹುಡುಗಿ ಎಷ್ಟು ದಿನ ತಾಳಿಯಾಳು? ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಅವನನ್ನು ನಿಲ್ಲಿಸಿದಳು.

"ಅಪ್ಪಾ, ನಾಳೆಯಿಂದ ಕೈಯಲ್ಲಿ ಏನಾದರೂ ಹಿಡಕೊಂಡು ಬಾ."

ಮರುದಿನ ವ್ಯಾಪಾರಿ ಕರೆದ. "ಹೇಗೂ ಮೇಲೆ ಹೋಗ್ತೀಯಲ್ಲ, ಈ ಗಂಟು ಒಯ್ದುಬಿಡು."

ಬರೀ ವ್ಯಾಪಾರಿ ಹೇಳಿದ್ದರೆ ಅವನು ಒಲ್ಲೆ ಎನ್ನುತ್ತಿದ್ದ, ಅದು ನನಗೆ ಗೊತ್ತು. ಮಗಳ ಮುಖ ನೆನಪಾಯಿತು. ಗಂಟನ್ನು ತಲೆಗೇರಿಸಿದ.

ಅಂದು ಯಾರೂ ನಗಲಿಲ್ಲ. ಮಗಳು ತಾನೇ ಎದ್ದು ಬಂದು ಅಪ್ಪನಿಗೆ ನೀರು ಕೊಟ್ಟಳು. ಮಾರನೆಯ ದಿನ ಎರಡು ಗಂಟು ಹೊತ್ತ. ವಾರದಲ್ಲಿ ನಾಲ್ಕು ಎತ್ತಿನ ಹೊರೆ ಹೊರತೊಡಗಿದ. ತಲೆಯ ಮೇಲೆ ಗಂಟು ಇದ್ದವನಿಗೆ ಕಾಣುವುದು ಮುಂದಿನ ಮೆಟ್ಟಿಲು ಮಾತ್ರ. ಮೂಗಿಗೆ ಬರುವುದು ಹೊಸ ಬಟ್ಟೆಯ ಗಂಜಿಯ ವಾಸನೆ ಮಾತ್ರ. ಮೇಲೆ ಜಾಗ ಸಾಲದಾದಾಗ, ಸದ್ಯಕ್ಕೆ ಮೆಟ್ಟಿಲ ತಿರುವಿನಲ್ಲಿ ಒಟ್ಟು ಎಂದ ವ್ಯಾಪಾರಿ. ಒಟ್ಟಿದ. ಪಹರೆಗೆ ಆಳಿದ್ದಾನಲ್ಲ ಎಂದು ಗಂಟೆಯನ್ನೂ ಯಾರೂ ರಿಪೇರಿ ಮಾಡಿಸಲಿಲ್ಲ.

ಒಂದು ಮಧ್ಯಾಹ್ನ ಮೂರನೆಯ ಮಹಡಿಯ ಬಾಗಿಲ ಹಿಂದೆ ಕರೆಂಟಿನ ತಂತಿ ಕರಗುತ್ತಿತ್ತು. ಅವನು ಹೊರೆ ಹೊತ್ತು ಆ ಬಾಗಿಲನ್ನು ಎರಡು ಸಲ ದಾಟಿದ. ಮೂರನೆಯ ಸಲ ಬಂದಾಗ ಬಾಗಿಲೇ ಉರಿಯುತ್ತಿತ್ತು. ಗಂಟು ಬಿಸಾಡಿ ಹೊಗೆಯಲ್ಲಿ ಮೇಲಕ್ಕೆ ಓಡಿದ. ತಿರುವಿನಲ್ಲಿ ದಾರಿ ಇರಲಿಲ್ಲ. ಸೂರು ಮುಟ್ಟುವಂತೆ ಅವನೇ ಒಟ್ಟಿದ ಗಂಟುಗಳು ಉರುಳಿ ದಾರಿ ಮುಚ್ಚಿದ್ದವು.

ಈ ಕಡೆಯಿಂದ ಅವನು ಒಂದೊಂದೇ ಗಂಟು ಎಳೆದ. ಆ ಕಡೆಯಿಂದ ಮಗಳೂ ಎಳೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನೊಬ್ಬನೇ ಎಳೆಯುತ್ತಿದ್ದ.

ಇಷ್ಟಕ್ಕೆ ಕತೆ ಮುಗಿಸಿದೆ. ದ್ಯಾಮಣ್ಣ ಕಣ್ಣೊರೆಸಿಕೊಂಡ. ಎಲ್ಲ ಆ ವ್ಯಾಪಾರಿಯದೇ ತಪ್ಪು ಎಂದ. ಆಮೇಲೆ ಕಿಟ್ಲಿ ಮುಟ್ಟಿ ನೋಡಿ ಗಡಬಡಿಸಿ ಎದ್ದ. ಚಹ ಆರಿಹೋಯಿತು, ಅಂಗಡಿಯ ಯಜಮಾನರು ಬೈಯುತ್ತಾರೆ ಎಂದ. "ಹೇಗೂ ತಿರುಗುತ್ತೀಯಲ್ಲ, ಹೋಗಿ ಚಹ ತಂದುಬಿಡು" ಎಂದು ಅವರೇ ಕಳಿಸಿದ್ದರಂತೆ.

ನಾನು ಕೇಳಿದೆ: "ನನ್ನ ಕತೆ ಮುಗಿಯುವಷ್ಟು ಹೊತ್ತು ನಿನ್ನ ಕಟ್ಟಡದಲ್ಲಿ ಯಾರು ತಿರುಗಿದರು, ದ್ಯಾಮಣ್ಣಾ?"