ಸೂರ್ಯ ಒಂದೇ ದಿನಕ್ಕೆ ಉರಿದು ಯಾಕೆ ಮುಗಿಯಲಿಲ್ಲ

ಆಗಿನ್ನೂ ಲೋಕ ಹಸಿ ಹಸಿ. ಈಗಷ್ಟೇ ಸಾರಿಸಿದ ನೆಲದ ಹಾಗೆ, ಕಾಲಿಟ್ಟರೆ ಅಂಟುತ್ತಿತ್ತು. ಬೆಳಗು ಎನ್ನುವುದಿರಲಿಲ್ಲ, ಬೈಗು ಎನ್ನುವುದಿರಲಿಲ್ಲ. ಎಲ್ಲಿ ನೋಡಿದರೂ ಕತ್ತಲು, ಕತ್ತಲಲ್ಲಿ ಧೂಳು, ಧೂಳಿನಲ್ಲಿ ಚಳಿ.

ಆ ಕತ್ತಲಲ್ಲಿ ನಾಲ್ವರು ಒಡಹುಟ್ಟಿದವರಿದ್ದರು. ಹಿರಿಯ ಸೆಳೆಯಪ್ಪ. ಕೈಯಲ್ಲಿ ಅಂಥ ಬಲವಿಲ್ಲ, ಆದರೆ ಕೈ ಬಲು ಉದ್ದ. ಎಷ್ಟು ದೂರದಲ್ಲಿದ್ದವರನ್ನೂ ಮೆಲ್ಲಗೆ ಎಳೆದು ತಂದು ಹತ್ತಿರ ಕೂರಿಸುವನು. ಅವನ ತಮ್ಮ ಬಿಗಿಯಪ್ಪ. ಅವನಂಥ ಗಟ್ಟಿಗ ಇನ್ನೊಬ್ಬನಿಲ್ಲ. ಅವನು ಹಾಕಿದ ಗಂಟು ಬಿಚ್ಚುವವರೂ ಇಲ್ಲ. ಆದರೆ ಕೈ ಮೋಟು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದವರನ್ನು ಮಾತ್ರ ಹಿಡಿಯಬಲ್ಲ. ಆಮೇಲೆ ಮಿಂಚಮ್ಮ. ಬೆಳಕು ಹೊತ್ತು ತಿರುಗುವುದು ಅವಳ ಕೆಲಸ. ಒಂದೇ ಗುಣದ ಇಬ್ಬರನ್ನು ಪಕ್ಕಪಕ್ಕ ಕೂರಲು ಅವಳು ಬಿಡುತ್ತಿರಲಿಲ್ಲ.

ಇನ್ನೊಬ್ಬಳು ಮೆಲ್ಲಮ್ಮ. ಪಾಪ, ಅವಳ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಎಳೆಯಲು ಉದ್ದ ಕೈಯಿಲ್ಲ, ಕಟ್ಟಲು ಬಲವಿಲ್ಲ. ಕೋಪಿಷ್ಠರ ತಲೆ ಸವರಿ ಸಮಾಧಾನ ಮಾಡುವುದೊಂದು ಬರುತ್ತಿತ್ತು. ಅದನ್ನೂ ಎಷ್ಟು ನಿಧಾನವಾಗಿ ಮಾಡುತ್ತಿದ್ದಳೆಂದರೆ, ನೋಡುತ್ತ ನಿಂತವರಿಗೆ ಆಕಳಿಕೆ ಬರುತ್ತಿತ್ತು.

ಲೋಕ ನಡೆಸುವ ನಾಲ್ಕು ಬಲಗಳೇ ಇವರು, ಪುಸ್ತಕದಲ್ಲಿ ಇವರಿಗೆ ಬೇರೆ ಹೆಸರುಗಳಿವೆ. ನಿನ್ನಮ್ಮ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಅವನ್ನೇ. ನಾನು ಕರೆಯುವುದು ಮಾತ್ರ ಹೀಗೆ. ಇಪ್ಪತ್ತೆಂಟು ಬಾಣಂತನ ಮಾಡಿದವಳು ನಾನು. ಹೆಸರಿಡುವ ಹಕ್ಕು ನನಗೂ ಇದೆ.

ಧೂಳು ಅಂದೆನಲ್ಲ, ಅದರ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಪ್ರೋಟಾನ್‌ಗಳ ಗುಂಪು. ಒಂದೊಂದಕ್ಕೂ ಮೂಗಿನ ತುದಿಯಲ್ಲೇ ಕೋಪ. ಒಂದರ ಹತ್ತಿರ ಇನ್ನೊಂದು ಬಂದರೆ ಸಾಕು, ಎಣ್ಣೆ ಸೀಗೆಕಾಯಿ.

ಹೀಗಿರುವಾಗ ಭೂಮಿ ತವರಿಗೆ ಬಂದಳು. ಈ ನಾಲ್ವರ ಮುದ್ದಿನ ಕಿರಿ ತಂಗಿ. ತುಂಬು ಬಸುರಿ. ಮೈಯೆಲ್ಲ ನೀರು ತುಂಬಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದು ಕೂತಳು.

"ಅಣ್ಣಾ, ತಡೀಲಾರದಷ್ಟು ಚಳಿ. ಹೊಟ್ಟೇಲಿರೋದು ಅಲ್ಲಾಡ್ತಾನೇ ಇಲ್ಲ" ಎಂದಳು.

ನಾಲ್ವರೂ ಎದ್ದು ನಿಂತರು. ಚೊಚ್ಚಲ ಹೆರಿಗೆ ತವರಿನದು. ಬಾಣಂತಿ ಕೋಣೆಗೆ ಬೆಂಕಿ ಹೊಂದಿಸಬೇಕಾದವರು ಒಡಹುಟ್ಟಿದವರೇ.

ಸೆಳೆಯಪ್ಪ ತಡ ಮಾಡಲಿಲ್ಲ. ಉದ್ದ ಕೈ ಚಾಚಿ, ಸುತ್ತಲಿದ್ದ ಪ್ರೋಟಾನ್‌ಗಳನ್ನೆಲ್ಲ ಬಾಚಿ ಎರಡು ದೊಡ್ಡ ರಾಶಿ ಮಾಡಿದ. ಅಲ್ಲಿಗೆ ಅಕ್ಕಪಕ್ಕದ ಧೂಳೆಲ್ಲ ಖಾಲಿಯಾಯಿತು.

ಬಿಗಿಯಪ್ಪ ಮೀಸೆ ತಿರುವಿಕೊಂಡು ಮುಂದೆ ಬಂದ. ಪ್ರೋಟಾನ್‌ಗಳನ್ನು ಗಂಟು ಹಾಕಿದರೆ ಕಾವು ಹುಟ್ಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು. "ನನ್ ತಂಗಿ ಬಂದವ್ಳೆ. ಲೋಕಕ್ಕೆಲ್ಲ ಕಾಣೋ ಹಂಗೆ ಬೆಂಕಿ ಹಾಕ್ತೀನಿ" ಎಂದ.

"ಅಣ್ಣಾ, ಬಾಣಂತಿ ಕೋಣೆಗೆ ಉರಿ ಬ್ಯಾಡ, ಕೆಂಡ ಬೇಕು" ಎಂದಳು ಮೆಲ್ಲಮ್ಮ.

"ನೀನು ಸುಮ್ನಿರವ್ವ. ನೀನು ಒಂದು ಕಿಡಿ ಹೊತ್ಸೋದ್ರೊಳಗೆ ಹುಟ್ಟೋ ಕೂಸಿಗೆ ಮದ್ವೆ ಆಗಿರ್ತದೆ" ಎಂದು ನಕ್ಕು, ಅವನು ಮೊದಲನೆಯ ರಾಶಿಗೆ ಧುಮುಕಿದ.

ಕೋಪಿಷ್ಠನಿಗೆ ಕೋಪಿಷ್ಠನನ್ನೇ ಹಿಡಿದು ಗಂಟು ಹಾಕಿದ. ಇನ್ನೆರಡಕ್ಕೆ ಹಾಕಿದ. ಇನ್ನೂ ಎರಡಕ್ಕೆ ಹಾಕಿದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಇಡೀ ರಾಶಿಗೇ ಗಂಟು ಹಾಕಿ ಮುಗಿಸಿದ. ಕಾವೆಲ್ಲ ಒಂದೇ ಸಲ ಹುಟ್ಟಿ ಭಗ್ ಎಂದು ಹೊತ್ತಿಕೊಂಡಿತು! ಭೂಮಿ ಚೀರಿ, ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಮಗ್ಗುಲಾದಳು. ಅವಳ ಬೆನ್ನಿನ ಮೇಲಿದ್ದ ನೀರು ಕೊತಕೊತ ಕುದಿಯಿತು.

ಮತ್ತೆ ಕತ್ತಲು. ರಾಶಿಯಿದ್ದ ಕಡೆ ಬೂದಿಯ ಹೊರತು ಏನೂ ಉಳಿದಿರಲಿಲ್ಲ.

"ಕೂಸು?" ಎಂದ ಸೆಳೆಯಪ್ಪ.

ಭೂಮಿ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದಳು. "ಐತೆ. ಆದ್ರೆ ಇನ್ನೊಂದ್ಸಲ ಹಿಂಗಾದ್ರೆ ಉಳಿಯಲ್ಲ" ಎಂದಳು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಾನು ಅವನನ್ನು ಹಾಗೆ ಬೈಯಲಾರೆ. ಬಿಗಿಯಪ್ಪನಿಗೆ ಇದ್ದದ್ದು ಪ್ರೀತಿಯೇ, ಅಳತೆ ಗೊತ್ತಿಲ್ಲದ ಪ್ರೀತಿ. ಅಂಥ ಅಣ್ಣಂದಿರು ನಾನು ಹೋದ ಮನೆಗಳಲ್ಲೂ ಇದ್ದರು. ಅವರನ್ನು ನಾನು ಬಾಣಂತಿ ಕೋಣೆಯ ಹೊಸ್ತಿಲಾಚೆಗೇ ಕೂರಿಸಿ, ಕಾಫಿ ಕೊಟ್ಟು ಬರುತ್ತಿದ್ದೆ.

ಈಗ ಉಳಿದದ್ದು ಒಂದೇ ರಾಶಿ. ಬಿಗಿಯಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾ ಮುಟ್ಟಲ್ಲ ಕಣ್ರಪ್ಪ. ನನ್ ಕೈಯೇ ಸರಿಯಿಲ್ಲ" ಎಂದು ಮುಖ ತಿರುಗಿಸಿ ಕೂತ. ಕಣ್ಣಲ್ಲಿ ನೀರಿತ್ತು.

ಮೆಲ್ಲಮ್ಮ ಅವನ ಪಕ್ಕಕ್ಕೆ ಬಂದು ಕೂತಳು. ಬರುವುದಕ್ಕೂ ಬೇಕಾದಷ್ಟು ಹೊತ್ತು ಮಾಡಿದಳು ಅನ್ನು.

"ಗಂಟು ನೀನೇ ಹಾಕ್ಬೇಕಣ್ಣ. ನಂಗೆ ಆ ಶಕ್ತಿಯಿಲ್ಲ. ಆದ್ರೆ ಕೋಪ ಇಳಿಸ್ಕೊಂಡಿರೋರನ್ನ ನಾನು ನಿನ್ ಕೈಗೆ ಕೊಡ್ತೀನಿ. ನಾನು ಕೊಟ್ಟಾಗ ಮಾತ್ರ ಹಾಕು."

ಸೆಳೆಯಪ್ಪ ತಲೆ ಕೆರೆದುಕೊಂಡ. "ಅಲ್ಲ ಮೆಲ್ಲವ್ವ, ನಿನ್ ಕೈಲಿ ಈ ರಾಶಿ ಯಾವ ಕಾಲಕ್ಕೆ ಮುಗಿದೀತು?"

"ಮುಗೀಬಾರ್ದು ಅಣ್ಣ!" ಎಂದಳು ಭೂಮಿ. ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ನಂಗೆ ಒಂದಿನದ ಬೆಂಕಿ ಬ್ಯಾಡ. ನನ್ ಹೆರಿಗೆ ನಿಧಾನದ್ದು. ಹುಟ್ಟಿದ್ದು ದೊಡ್ಡದಾಗೋಗಂಟ ಕಾವು ಇರ್ಬೇಕು."

ಬಿಗಿಯಪ್ಪ ಎದ್ದು ತಂಗಿಯ ತಲೆ ಮುಟ್ಟಿ ಆಣೆ ಮಾಡಿದ. "ಮೆಲ್ಲವ್ವ ಒಂದನ್ನ ತಣ್ಣಗೆ ಮಾಡೋಗಂಟ, ಎರಡು ಪ್ರೋಟಾನ್‌ಗೆ ನಾನು ಗಂಟು ಹಾಕಲ್ಲ."

ಮೆಲ್ಲಮ್ಮ ರಾಶಿಯ ನಟ್ಟನಡುವೆ ಹೋಗಿ ಕೂತಳು. ಆ ನೂಕುನುಗ್ಗಲಲ್ಲಿ ಎರಡು ಪ್ರೋಟಾನ್‌ಗಳು ಮೂಗಿಗೆ ಮೂಗು ತಾಗಿಸಿದವು. ಅವಳು ಕೈ ಚಾಚಿದಳು. ಅಷ್ಟರಲ್ಲಿ ಅವು ಜಗಳಾಡಿಕೊಂಡು ಓಡಿಹೋದವು. ಹೋಗಲಿ ಬಿಡು ಎಂದಳು. ಇನ್ನೆರಡು ಬಂದವು. ಕೈ ಚಾಚಿದಳು. ಅವೂ ಓಡಿಹೋದವು. ಹೋಗಲಿ ಬಿಡು ಎಂದಳು. ಹೀಗೆ ಎಷ್ಟು ಸಲ ಎಂದು ಕೇಳಬೇಡ, ನನಗೆ ಅಷ್ಟು ಎಣಿಕೆ ಬರುವುದಿಲ್ಲ.

ಕೊನೆಗೊಮ್ಮೆ ಒಂದು ಪ್ರೋಟಾನ್‌ನ ತಲೆ ಅವಳ ಅಂಗೈಗೆ ಸಿಕ್ಕಿತು. ಮೆಲ್ಲಗೆ ಸವರಿದಳು. ಅದರ ಕೋಪವೆಲ್ಲ ಇಳಿದು ಅದು ಸಾಧುವಾಯಿತು. ಅಂಥ ಸಾಧುವಿಗೆ ನ್ಯೂಟ್ರಾನ್ ಎಂದು ಹೆಸರು. ಕೋಪ ಇಳಿಯುವಾಗ ಅದರ ಬಾಯಿಂದ ಒಂದು ಸಣ್ಣ ನಿಟ್ಟುಸಿರು ಹೊರಟಿತು. ಆ ನಿಟ್ಟುಸಿರೇ ನ್ಯೂಟ್ರಿನೊ. ಅದು ಯಾರ ಕೈಗೂ ಸಿಗದೆ ಹಾರಿಹೋಯಿತು. ಬಿಗಿಯಪ್ಪನಿಗಾಗಲಿ ಮಿಂಚಮ್ಮನಿಗಾಗಲಿ ಅದರ ಗುರುತೇ ಇಲ್ಲ. ಗುರುತಿರುವ ಮೆಲ್ಲಮ್ಮ ಹಿಡಿಯೋಣವೆಂದು ಕೈ ಎತ್ತುವಷ್ಟರಲ್ಲಿ ಅದು ಊರು ದಾಟಿರುತ್ತದೆ. ಈಗಲೂ ಅಂಥವು ಕೋಟಿಗಟ್ಟಲೆ ನಿನ್ನ ಹೆಬ್ಬೆರಳಿನ ಉಗುರಿನೊಳಗೆ ತೂರಿ ಹೋಗುತ್ತಿವೆ. ಉಜ್ಜಿ ನೋಡಬೇಡ, ಕಾಣುವುದಿಲ್ಲ.

ಬಿಗಿಯಪ್ಪ ಅದಕ್ಕೂ ಎದುರಿದ್ದ ಪ್ರೋಟಾನ್‌ಗೂ ಗಂಟು ಹಾಕಿದ. ತುಸುವೇ ಕಾವು ಹುಟ್ಟಿತು.

"ಇಷ್ಟೇನಾ?" ಎಂದ.

"ಇಷ್ಟೇ ಕಣಣ್ಣ. ಇನ್ನೊಂದು ಬರ್ತದೆ, ಇರು" ಎಂದಳು ಮೆಲ್ಲಮ್ಮ.

ನಿನ್ನಮ್ಮ ಒಂದು ದಿನ ಲೆಕ್ಕ ಹಾಕಿ ತೋರಿಸಿದಳು. ಆ ರಾಶಿಯೇ ಸೂರ್ಯ ಆಯಿತಲ್ಲ, ಅದರ ಹೊಟ್ಟೆಯಲ್ಲಿ ಒಂದು ಬುಟ್ಟಿಯಷ್ಟು ಜಾಗದಲ್ಲಿ ಹುಟ್ಟುವ ಕಾವು, ನಮ್ಮ ತಿಪ್ಪೆಯ ಒಂದು ಬುಟ್ಟಿ ಗೊಬ್ಬರದಲ್ಲಿ ಹುಟ್ಟುವ ಕಾವಿನಷ್ಟೇ ಅಂತೆ. ನಾನು ನಂಬಲಿಲ್ಲ. ಆದರೆ ರಾಶಿ ಎಷ್ಟು ದೊಡ್ಡದು ನೋಡು! ಬುಟ್ಟಿಗೆ ಬುಟ್ಟಿ ಸೇರಿ ಅಷ್ಟು ಬಿಸಿಯಾಯಿತು.

ಆ ಕಾವನ್ನು ಮಿಂಚಮ್ಮ ಹೊತ್ತುಕೊಂಡು ಹೊರಟಳು. ರಾಶಿಯ ಗುಂಪಿನಲ್ಲಿ ಅಲ್ಲಿ ಡಿಕ್ಕಿ, ಇಲ್ಲಿ ನೂಕು. ಅಂಚಿಗೆ ಬರಲು ಸಾವಿರಾರು ವರ್ಷ ಹಿಡಿಯಿತು. ಅಲ್ಲಿಂದ ತಂಗಿ ಕೂತಿದ್ದ ಕಡೆಗೆ ಎಂಟೇ ನಿಮಿಷದ ದಾರಿ.

ಒಂದು ಹೊತ್ತಿನಲ್ಲಿ ಭೂಮಿಯ ಬೆನ್ನು ಬೆಚ್ಚಗಾಯಿತು. ಇನ್ನೊಂದು ಹೊತ್ತಿನಲ್ಲಿ ಅವಳು, ಮುಂದಿನ ಗಂಟಿಗೆ ಕಾಯುತ್ತ ಪಕ್ಕಕ್ಕೆ ಬಂದಿದ್ದ ಬಿಗಿಯಪ್ಪನ ಮೋಟು ಕೈ ತಟ್ಟನೆ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. "ಅಣ್ಣಾ, ಒದೀತು!"

ಆ ಗಟ್ಟಿಗ ಗೊಳೋ ಎಂದು ಅತ್ತುಬಿಟ್ಟ.

ಮೊದಲು ಹುಟ್ಟಿದ ಜೀವ ಕಣ್ಣಿಗೆ ಕಾಣದಷ್ಟು ಸಣ್ಣದು. ಆಮೇಲೆ ಪಾಚಿ, ಮೀನು, ಇರುವೆ, ಆನೆ. ಹಾಗೇ ಬರುತ್ತ ಬರುತ್ತ ನಿನ್ನಜ್ಜ. ಅವರು ಹುಟ್ಟಿದ್ದೂ ತಡವೇ, ಎದ್ದೇಳುವುದೂ ತಡವೇ.

ರಾಶಿಯಲ್ಲಿ ಅರ್ಧ ಕೆಲಸ ಇನ್ನೂ ಹಾಗೇ ಇದೆ. ಮೆಲ್ಲಮ್ಮ ಎದ್ದಿಲ್ಲ, ಬಿಗಿಯಪ್ಪ ಆಣೆ ಮುರಿದಿಲ್ಲ. ಅದಕ್ಕೇ ಕೂಸೇ, ಎದುರುಮನೆಯ ಬಾಣಂತಿ ತನ್ನ ಹಸುಗೂಸನ್ನು ತೊಡೆಯ ಮೇಲೆ ಹಾಕಿಕೊಂಡು ದಿನಾ ಬೆಳಿಗ್ಗೆ ಎಳೆಬಿಸಿಲಿಗೆ ಕೂರುತ್ತಾಳಲ್ಲ, ಆ ಬಿಸಿಲು ಮಗುವನ್ನು ಸುಡದೆ, ನಾಳೆಗೆ ಇಲ್ಲವೆನ್ನದೆ, ನಿನ್ನೆಯಷ್ಟೇ ಬೆಚ್ಚಗೆ ಬಂದು ಅದರ ಪಾದ ಮುಟ್ಟುತ್ತದೆ.